ಬೆಳೆಯ ಅಂದಾಜು: ಒಂದು ಅಂಕಿ ಸಾಲದು



ಎರಡು ವರ್ಷದ ಕೆಳಗೆ ಸುಗ್ಗಿಗೆ ಮುಂಚೆ ನಾನೊಂದು ತಪ್ಪು ಮಾಡಿದೆನು. ಮಸಿನಗುಡಿ ಕಡೆ ಕಾಡಂಚಿನಲ್ಲಿ ನಮಗೆ ಒಂದು ಎಕರೆ ರಾಗಿ ಹೊಲವುಂಟು. ಶಾಲೆ ಬಿಟ್ಟ ಮೇಲೆ ಹೊಲಕ್ಕೆ ಹೋಗಿ, ಕಾಲುದಾರಿಯ ಮಗ್ಗುಲಲ್ಲಿ ಮೂರು ಕಡೆ ಒಂದೊಂದು ಚದರ ಮೀಟರು ಜಾಗದ ತೆನೆ ಕುಯ್ದು, ಬಡಿದು, ತೂರಿ, ತೂಗಿ ನೋಡಿದೆನು. ಸರಾಸರಿ ಹಿಡಿದು ಗುಣಿಸಿದಾಗ ಎಕರೆಗೆ ಎಂಟು ಕ್ವಿಂಟಾಲು ಎಂದು ಬಂದಿತು. ಲೆಕ್ಕದ ಮೇಷ್ಟರು ಹಾಕಿದ ಲೆಕ್ಕ, ತಪ್ಪುವುದುಂಟೆ ಎಂದುಕೊಂಡು ನೆಂಟರೊಬ್ಬರಿಗೆ ಮೂರು ಕ್ವಿಂಟಾಲನ್ನು ಮೊದಲೇ ಮಾರಿ ಹಣ ತೆಗೆದುಕೊಂಡೆನು. ಕಣದಲ್ಲಿ ಅಳೆದಾಗ ಐದೂವರೆ ಕ್ವಿಂಟಾಲು ಕೂಡ ತುಂಬಲಿಲ್ಲ. ಕೊಟ್ಟ ಮಾತಿಗೆ ಮೂರು ಹೋಯಿತು. ಬೇಸಿಗೆಯ ಕೊನೆಗೆ ನಮ್ಮ ಮನೆಗೇ ಅಂಗಡಿಯಿಂದ ರಾಗಿ ಬಂದಿತು. "ಹಂದಿ ಬಿದ್ದ ಮೂಲೆಯನ್ನು ಅಳೆದಿದ್ದಿರಾ?" ಎಂದು ಮನೆಯಾಕೆ ಕೇಳಿದ ಒಂದು ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಆ ತಪ್ಪಿನಲ್ಲಿ ಎರಡು ತಪ್ಪುಗಳಿದ್ದುವು. ಕಾಲಿಗೆ ಸುಲಭವಾದ, ಕಣ್ಣಿಗೆ ಚೆಂದವಾದ ಜಾಗವನ್ನು ಆರಿಸಿದ್ದು ಒಂದು. ಇದನ್ನು ಯಾವ ರೈತನಿಗೂ ಬಿಡಿಸಿ ಹೇಳಬೇಕಾದ್ದಿಲ್ಲ. ಎರಡನೆಯದು, ಬಂದ ಸರಾಸರಿಯನ್ನು ಅಲುಗದ ಕಲ್ಲು ಎಂದು ನಂಬಿದ್ದು. ಇನ್ನೊಂದು ದಿನ ಹೋಗಿ ಇನ್ನು ಮೂರು ಜಾಗ ಕುಯ್ದಿದ್ದರೆ ಏಳು ಬರುತ್ತಿತ್ತೋ ಐದು ಬರುತ್ತಿತ್ತೋ ಎಂಬುದನ್ನು ನಾನು ಕೇಳಿಕೊಳ್ಳಲೇ ಇಲ್ಲ. ಉಪಾಧ್ಯಾಯರ ಟ್ರೈನಿಂಗಿನಲ್ಲಿ ನಮಗೆ ಸರಾಸರಿ ಕಲಿಸಿದರು, ಮಧ್ಯಾಂಕ ಕಲಿಸಿದರು. ಆ ಸರಾಸರಿ ಎಷ್ಟು ಅಲುಗಾಡೀತು ಎಂಬುದನ್ನು ಮಾತ್ರ ಯಾರೂ ಕಲಿಸಲಿಲ್ಲ. ಅದನ್ನು ತಿಳಿಯಲು ದೊಡ್ಡ ಗಣಿತ ಬೇಡ, ಒಂದು ಗಡಿಗೆಯೂ ಕೆಲವು ಚೀಟಿಗಳೂ ಸಾಕು ಎಂಬುದನ್ನು ಆಮೇಲೆ ಪುಸ್ತಕ ಓದಿ ತಿಳಿದುಕೊಂಡೆನು. ಇಂದು ಹೇಳಹೊರಟಿರುವುದು ಅದನ್ನೇ.

ಕಳೆದ ಸುಗ್ಗಿಯಲ್ಲಿ ನಾನು ಮೊದಲಿಗಿಂತ ಎಚ್ಚರವಾಗಿದ್ದೆ. ಹೊಲದ ಒಂದು ಮೂಲೆಯಿಂದ ಉದ್ದಕ್ಕೆ ಎಷ್ಟು ಹೆಜ್ಜೆ, ಅಗಲಕ್ಕೆ ಎಷ್ಟು ಹೆಜ್ಜೆ ಎಂದು ಚೀಟಿ ಎತ್ತಿ, ಚೀಟಿ ಹೇಳಿದ ಕಡೆಗೇ ಹೋಗಿ, ಹಗ್ಗ ಗೂಟದಿಂದ ಚೌಕ ಮಾಡಿ ಎಂಟು ಕಡೆ ಕುಯ್ದೆನು. ಒಂದು ಚೌಕ ಬಂಡೆಯ ಪಕ್ಕದಲ್ಲಿ ಹಂದಿ ಉರುಳಾಡಿದ ಜಾಗದಲ್ಲೇ ಬಿದ್ದಿತು. ಬಿಡಲಿಲ್ಲ, ಅದನ್ನೂ ಕುಯ್ದೆನು. ಒಣಗಿಸಿ ತೂಗಿದಾಗ ಬಂದ ಗ್ರಾಂಗಳು ಹೀಗಿದ್ದುವು: 210, 95, 160, 40, 185, 150, 120, 200. ಕೂಡಿದರೆ 1160, ಎಂಟರಿಂದ ಭಾಗಿಸಿದರೆ 145. ಎಕರೆಗೆ 4047 ಚದರ ಮೀಟರು. ಆದುದರಿಂದ ಅಂದಾಜು 587 ಕಿಲೋ. ಹಿಂದಿನ ಬುದ್ಧಿಯಾಗಿದ್ದರೆ ಇಲ್ಲಿಗೇ ನಿಲ್ಲಿಸಿ ಮಾತು ಕೊಡಲು ಹೊರಡುತ್ತಿದ್ದೆನು.

ಈ ಸಲ ಎಂಟು ತೂಕಗಳನ್ನು ಎಂಟು ಚೀಟಿಗಳಲ್ಲಿ ಬರೆದು ಗಡಿಗೆಗೆ ಹಾಕಿ ತರಗತಿಗೆ ಒಯ್ದೆನು. ಒಬ್ಬ ಹುಡುಗ ಕಣ್ಣುಮುಚ್ಚಿ ಒಂದು ಚೀಟಿ ಎತ್ತುವುದು, ಇನ್ನೊಬ್ಬ ಅಂಕಿಯನ್ನು ಬರೆದುಕೊಳ್ಳುವುದು, ಎತ್ತಿದ ಚೀಟಿಯನ್ನು ಮತ್ತೆ ಗಡಿಗೆಗೇ ಹಾಕಿ ಕುಲುಕುವುದು; ಹೀಗೆ ಎಂಟು ಬಾರಿ. ಗುಟ್ಟೆಲ್ಲ ಹಿಂದಕ್ಕೆ ಹಾಕುವುದರಲ್ಲಿದೆ. ಹಾಕದಿದ್ದರೆ ಎಂಟು ಸಲ ಎತ್ತಿದಾಗ ಅದೇ ಎಂಟು ಚೀಟಿ, ಅದೇ 145 ಬಂದೀತೇ ಹೊರತು ಬೇರೇನೂ ಬಾರದು. ಹಾಕಿದರೆ ಒಂದು ಚೀಟಿ ಎರಡು ಮೂರು ಸಲ ಬಂದೀತು, ಇನ್ನೊಂದು ಬಾರದೆಯೇ ಹೋದೀತು. ಮೊದಲನೆಯ ಸರದಿಯಲ್ಲಿ 160, 40, 210, 160, 120, 40, 200, 95 ಬಂದುವು; ಸರಾಸರಿ 128. ಎರಡನೆಯದರಲ್ಲಿ 185, 150, 200, 120, 210, 160, 185, 95, ಸರಾಸರಿ 163. ಇಪ್ಪತ್ತು ಮಕ್ಕಳು ತಲೆಗೆ ಐದು ಸರದಿಯಂತೆ ನೂರು ಸರಾಸರಿಗಳನ್ನು ಬರೆದರು. ಗದ್ದಲವಾಯಿತು, ಗಡಿಗೆಯ ಬಾಯಿ ಸ್ವಲ್ಪ ಒಡೆಯಿತು. ಆದರೆ ಭಾಗಾಕಾರದಲ್ಲಿ ಅವರಿಗೆ ಅಷ್ಟು ಆಸಕ್ತಿ ಬಂದುದನ್ನು ನಾನು ಹಿಂದೆ ಕಂಡಿರಲಿಲ್ಲ.

ನೂರು ಸರಾಸರಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಬರೆಸಿ, ಮೊದಲಿನ ಐದನ್ನೂ ಕೊನೆಯ ಐದನ್ನೂ ಹೊಡೆದುಹಾಕಿಸಿದೆನು. ಉಳಿದ ತೊಂಬತ್ತು 113 ಗ್ರಾಂನಿಂದ 174 ಗ್ರಾಂನವರೆಗೆ ಹರಡಿದ್ದುವು. ಎಕರೆಗೆ ಹೇಳುವುದಾದರೆ 457 ಕಿಲೋದಿಂದ 704 ಕಿಲೋ! ನಾಲ್ಕೂವರೆ ಕ್ವಿಂಟಾಲಿಗೂ ಏಳಕ್ಕೂ ನಡುವೆ ಎಷ್ಟು ಅಂತರ ನೋಡಿರಿ. 587 ಎಂಬ ಒಂದೇ ಅಂಕಿಯ ಹೊಟ್ಟೆಯೊಳಗೆ ಇಷ್ಟು ಅನುಮಾನ ಅಡಗಿತ್ತು. ನಾನು ಯಾರಿಗೂ ಮಾತು ಕೊಡಲಿಲ್ಲ. ಕಣದಲ್ಲಿ ಕೊನೆಗೆ ಸಿಕ್ಕಿದ್ದು 510 ಕಿಲೋ. ಒಂಟಿ ಅಂಕಿ 77 ಕಿಲೋ ತಪ್ಪಿತು, ಹರವು ತಪ್ಪಲಿಲ್ಲ. (ಇದನ್ನು ನನ್ನ ಜಾಣತನವೆಂದು ತಿಳಿಯಬಾರದು. ಇಂಥ ಹರವು ಹತ್ತರಲ್ಲಿ ಒಂಬತ್ತು ಸಲ ಹಿಡಿಯಬೇಕೆಂದು ಕಟ್ಟಿದ್ದು. ಒಂದು ಸಲ ತಪ್ಪುವುದು ಅದರ ಕರಾರಿನಲ್ಲೇ ಇದೆ.)

ಕೆಲವರು ಕೇಳುತ್ತಾರೆ: ಹೊಲಕ್ಕೆ ಹೋಗದೆ, ಹೊಸದೇನನ್ನೂ ತೂಗದೆ, ಅವೇ ಎಂಟು ಚೀಟಿಗಳನ್ನು ತಿರುವಿ ಹಾಕಿದರೆ ಹೊಸ ತಿಳಿವು ಎಲ್ಲಿಂದ ಬಂದಿತು? ಒಳ್ಳೆಯ ಪ್ರಶ್ನೆ. ಹೊಲದ ಬಗ್ಗೆ ಹೊಸದೇನೂ ಬರಲಿಲ್ಲ. ಚೀಟಿ ಎತ್ತಿ ಆರಿಸಿದ ಎಂಟು ಜಾಗಗಳಾದುದರಿಂದ ಒಂದೊಂದು ಜಾಗವೂ ಹೊಲದ ಎಂಟನೆಯ ಒಂದು ಪಾಲಿಗೆ ಪ್ರತಿನಿಧಿ. 40 ಗ್ರಾಂನ ಚೀಟಿ ಎಂದರೆ ಹೊಲದಲ್ಲಿ ಅಂಥ ಬಡ ಜಾಗ ಇನ್ನೂ ಇವೆ ಎಂದು ಅರ್ಥ. ಗಡಿಗೆಯೇ ನಮ್ಮ ಕೈಗೆ ಸಿಕ್ಕ ಚಿಕ್ಕ ಹೊಲ. ಅದರಿಂದ ಎತ್ತಿ ಎತ್ತಿ ನೋಡುವುದೆಂದರೆ ಹಗ್ಗ ಹಿಡಿದು ಮತ್ತೆ ಮತ್ತೆ ಹೊಲಕ್ಕೆ ಹೋಗಿ ಬಂದಂತೆ ನಟಿಸುವುದು. ತಿಳಿಯುವುದು ಬೆಳೆಯಲ್ಲ, ನಮ್ಮ ಅಂದಾಜು ಎಷ್ಟು ಸಡಿಲವಾಗಿದೆ ಎಂಬುದು.

ಇದಕ್ಕೆ ಸಂಖ್ಯಾಶಾಸ್ತ್ರದವರು ಬೂಟ್‌ಸ್ಟ್ರಾಪ್ ಎಂದು ಹೆಸರಿಟ್ಟಿದ್ದಾರೆ. ತಾನು ತೊಟ್ಟ ಬೂಟಿನ ಹಿಂದಿನ ಕುಣಿಕೆಯನ್ನು ಹಿಡಿದು ತನ್ನನ್ನು ತಾನೇ ಮೇಲೆತ್ತಿಕೊಳ್ಳುವುದೆಂಬ ಪರದೇಶದ ತಮಾಷೆಯ ಮಾತಿನಿಂದ ಬಂದ ಹೆಸರು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಬ್ರ್ಯಾಡ್ಲಿ ಎಫ್ರನ್ 1979ರಲ್ಲಿ ಇದನ್ನು ಪ್ರಕಟಿಸಿದರು. ಮಕ್ಕಳು ಒಂದು ಮಧ್ಯಾಹ್ನ ಮಾಡಿದ ನೂರು ಸರದಿಯನ್ನು ಗಣಕಯಂತ್ರವು ಕಣ್ಣು ಮಿಟುಕಿಸುವಷ್ಟರಲ್ಲಿ ಹತ್ತು ಸಾವಿರ ಸಲ ಮಾಡಿಬಿಡುತ್ತದೆ; ಆದುದರಿಂದಲೇ ಈ ಕ್ರಮ ಲೋಕವೆಲ್ಲ ಹರಡಿತು. 2019ರಲ್ಲಿ ಎಫ್ರನ್ನರಿಗೆ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಬಹುಮಾನ ಬಂದಿತು. ಅದೇ ಬಹುಮಾನ 2023ರಲ್ಲಿ ನಮ್ಮ ಹೂವಿನ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ. ಆರ್. ರಾವ್ ಅವರಿಗೆ, ಅವರ 102ನೆಯ ವಯಸ್ಸಿನಲ್ಲಿ, ದೊರೆಯಿತು. ಅದೇ ವರ್ಷ ಆಗಸ್ಟಿನಲ್ಲಿ ಅವರು ತೀರಿಕೊಂಡರು.

ಆದರೆ ಈ ವಿದ್ಯೆಯ ಬೇರು ನಮ್ಮ ದೇಶದ ಗದ್ದೆಯಲ್ಲಿದೆ ಎಂಬುದು ಬಹಳ ಜನಕ್ಕೆ ತಿಳಿಯದು. 1920ರ ದಶಕದಲ್ಲಿ ಬಿಹಾರ-ಒರಿಸ್ಸಾ ಪ್ರಾಂತದಲ್ಲಿ ಅಧಿಕಾರಿಯಾಗಿದ್ದ ಜೆ. ಎ. ಹಬ್ಬಾಕ್ ಎಂಬವರು, ಭತ್ತದ ಇಳುವರಿಯನ್ನು ಕಣ್ಣಂದಾಜಿನಲ್ಲಿ ಬರೆಯುವ ಪದ್ಧತಿಗೆ ಬೇಸತ್ತು, ಮನಸ್ಸಿಗೆ ಬಂದ ಜಾಗ ಬಿಟ್ಟು ಅದೃಷ್ಟಕ್ಕೆ ಬಿದ್ದ ಜಾಗದಲ್ಲಿ ಚಿಕ್ಕ ಚಿಕ್ಕ ತುಂಡು ಕುಯ್ಯಿಸಿ ತೂಗಿಸಿದರು. ಅವರ ವರದಿ 1927ರಲ್ಲಿ ಅಚ್ಚಾಯಿತು. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾಲಯದ ಆರ್. ಎ. ಫಿಷರ್ ಎಂಬ ಮಹಾಪಂಡಿತರು ತಮ್ಮ ಕ್ರಮಗಳು ಬೆಳೆಯಲು ಆ ಕೆಲಸ ಬಹಳ ನೆರವಾಯಿತೆಂದು ಒಪ್ಪಿಕೊಂಡಿದ್ದಾರೆ. ಬಳಿಕ ಕಲ್ಕತ್ತೆಯಲ್ಲಿ 1931ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಕಟ್ಟಿದ ಪಿ. ಸಿ. ಮಹಲನೋಬಿಸ್ ಬಂಗಾಳದ ಸೆಣಬಿನ ಬೆಳೆಯನ್ನು ಅಳೆಯಲು ಹೊರಟಾಗ ಒಂದು ಉಪಾಯ ಹೂಡಿದರು. ಒಂದೇ ಸೀಮೆಗೆ ಎರಡು ತಂಡಗಳನ್ನು, ಒಂದಕ್ಕೊಂದು ಸಂಬಂಧವಿಲ್ಲದಂತೆ, ಬೇರೆ ಬೇರೆ ಜಾಗ ಕೊಟ್ಟು ಕಳುಹಿಸಿದರು. ಎರಡರ ಲೆಕ್ಕ ಹತ್ತಿರ ಬಂದರೆ ನಂಬಿಕೆ. ದೂರ ಹೋದರೆ ಎಷ್ಟು ದೂರವೋ ಅಷ್ಟು ಅನುಮಾನ. ಅಂದಾಜಿನ ಅಲುಗಾಟವನ್ನು ಅಂದಾಜಿನಿಂದಲೇ ತಿಳಿಯುವ ಈ ದಾರಿ ಬೂಟ್‌ಸ್ಟ್ರಾಪಿನ ಪೂರ್ವಜವೆಂದು ಆಸ್ಟ್ರೇಲಿಯದ ಪೀಟರ್ ಹಾಲ್ 2003ರಲ್ಲಿ ಬರೆದರು. ಹೊರಗಿನ ಹೆಸರು ಹೊತ್ತು ಬಂದ ಈ ವಿದ್ಯೆಯ ತಾತ ಮುತ್ತಾತರು ಕೆಸರಿನಲ್ಲಿ ಕಾಲಿಟ್ಟವರು.

ಇನ್ನು ನಮ್ಮ ಜೇಬಿಗೆ ತಾಕುವ ಮಾತು. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ 2016ರಲ್ಲಿ ಬಂದಿತು. ಊರಿನ ಇಳುವರಿ ಹೊಸ್ತಿಲಿಗಿಂತ ಕೆಳಗೆ ಬಿದ್ದರೆ ಪರಿಹಾರ. ಹೊಸ್ತಿಲು ಎಂದರೆ ಕಳೆದ 7 ವರ್ಷಗಳಲ್ಲಿ ಒಳ್ಳೆಯ 5 ವರ್ಷಗಳ ಸರಾಸರಿಯಲ್ಲಿ ಗೊತ್ತುಪಡಿಸಿದ ಒಂದು ಪಾಲು. ಈ ವರ್ಷದ ಇಳುವರಿಯನ್ನು ತಿಳಿಯುವುದು ಬೆಳೆ ಕಟಾವು ಪ್ರಯೋಗದಿಂದ. ಹೊಲದ ನೈಋತ್ಯ ಮೂಲೆಯಿಂದ ಹೆಜ್ಜೆ ಎಣಿಸಿ, ಬಹುಪಾಲು ಕಡೆಗಳಲ್ಲಿ 5 ಮೀಟರಿಗೆ 5 ಮೀಟರು ಚೌಕ ಹಾಕಿ, ಕುಯ್ದು ತೂಗುತ್ತಾರೆ. ಕ್ರಮ ಒಳ್ಳೆಯದು, ಹಬ್ಬಾಕ್ ಮಹಲನೋಬಿಸರ ವಂಶದ್ದೇ. ಆದರೆ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮುಖ್ಯ ಬೆಳೆಗೆ ಮಾರ್ಗಸೂಚಿ ಗೊತ್ತುಮಾಡಿದ ಕನಿಷ್ಠ ಪ್ರಯೋಗಗಳು ನಾಲ್ಕು. ನಾಲ್ಕೇ ನಾಲ್ಕು!

ನನ್ನ ಎಂಟು ತೂಕಗಳನ್ನೇ ಎಂಟು ಹೊಲಗಳೆಂದು ಭಾವಿಸಿರಿ. ಹೊಸ್ತಿಲು 150 ಗ್ರಾಂ ಎಂದೂ ಎಕರೆಗೆ ವಿಮೆಯ ಮೊತ್ತ 20,000 ರೂಪಾಯಿ ಎಂದೂ ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಎಂಟನ್ನೂ ಅಳೆದರೆ 145. ಕೊರತೆಗೆ ತಕ್ಕ ಪರಿಹಾರ 667 ರೂಪಾಯಿ. ನಾಲ್ಕೇ ಹೊಲ ಅಳೆದು 95, 40, 120, 160 ಸಿಕ್ಕಿದರೆ ಸರಾಸರಿ 104ರ ಹತ್ತಿರ. ಪರಿಹಾರ 6,000 ರೂಪಾಯಿಗೂ ಮೇಲೆ. 210, 185, 200, 150 ಸಿಕ್ಕಿದರೆ ಸರಾಸರಿ 186, ಪರಿಹಾರ ಸೊನ್ನೆ. ಇವೆರಡೂ ಅಪರೂಪದ ತುದಿಗಳೇ ಸರಿ. ನನ್ನ ಚಿಕ್ಕ ಚೌಕಗಳಿಗಿಂತ ದೊಡ್ಡ ಚೌಕಗಳ ತೂಕ ಕಡಮೆ ಅಲುಗಾಡುವುದೂ ನಿಜ. ಆದರೂ ಬೆಳೆ ಅದೇ, ಮಳೆ ಅದೇ. ಬದಲಾದದ್ದು ಚೀಟಿ ಮಾತ್ರ. ಇಲ್ಲಿ ಯಾರೂ ಮೋಸ ಮಾಡಲಿಲ್ಲ ಎಂಬುದನ್ನು ಗಮನಿಸಬೇಕು. ಕಡಮೆ ಬಂದ ಊರಿನವರು ಅಧಿಕಾರಿಯನ್ನು ಹೊಗಳುವುದೂ, ಹೆಚ್ಚು ಬಂದ ಊರಿನವರು ಲಂಚದ ಮಾತಾಡುವುದೂ ನಾವೆಲ್ಲ ಕೇಳಿದ್ದೇ. ಎಷ್ಟೋ ಸಲ ಅದು ಬರಿಯ ಚೀಟಿಯ ಆಟ.

ಆದುದರಿಂದ ನನ್ನ ಅಭಿಪ್ರಾಯವಿಷ್ಟು. ಇಳುವರಿ ಸಾರುವವರು ಸರಾಸರಿಯೊಂದನ್ನೇ ಸಾರಬಾರದು. ಅಳೆದ ಒಂದೊಂದು ಹೊಲದ ತೂಕವನ್ನೂ ಪಂಚಾಯಿತಿಯ ಗೋಡೆಯ ಮೇಲೆ ಬರೆಸಬೇಕು. ತೂಕಗಳಿದ್ದರೆ ಯಾವ ಊರಿನ ಶಾಲೆಯಲ್ಲಾದರೂ ಗಡಿಗೆ ಇಟ್ಟು ಹರವನ್ನು ತೆಗೆಯಬಹುದು. ಹೊಸ್ತಿಲು ಆ ಹರವಿನ ಹೊರಗಿದ್ದರೆ ಜಗಳವಿಲ್ಲ, ಕೊಡುವುದೋ ಬಿಡುವುದೋ ಸ್ಪಷ್ಟ. ಹರವಿನ ಒಳಗೇ ಇದ್ದರೆ ಒಂದೇ ಅಂಕಿಯಿಂದ ತೀರ್ಪು ಹೇಳಬಾರದು; ಇನ್ನಷ್ಟು ಹೊಲ ಕುಯ್ಯಿಸಬೇಕು.

ಇದಕ್ಕೆ ಎದುರು ಮಾತುಗಳಿವೆ. ಆಳಿಲ್ಲ, ಹೊತ್ತಿಲ್ಲ, ಸುಗ್ಗಿ ಎಲ್ಲ ಕಡೆಯೂ ಒಟ್ಟಿಗೇ ಬರುತ್ತದೆ ಎಂಬುದು ಒಂದು. ಇದು ಸುಳ್ಳಲ್ಲ. ಅಲುಗಾಟವನ್ನು ಅರ್ಧಕ್ಕೆ ಇಳಿಸಬೇಕಾದರೆ ನಾಲ್ಕು ಪಟ್ಟು ಹೊಲ ಅಳೆಯಬೇಕು; ನಾಲ್ಕಿದ್ದುದು ಹದಿನಾರಾಗಬೇಕು. ಎಲ್ಲ ಊರಿಗೂ ಅದು ಆಗದು. ಆದರೆ ಅನುಮಾನವಿರುವ ಊರು ಯಾವುದೆಂದು ಹರವು ತೋರಿಸುವುದರಿಂದ ಅಲ್ಲಿಗೆ ಮಾತ್ರ ಹೆಚ್ಚು ಆಳು ಕಳುಹಿಸಬಹುದಲ್ಲವೆ? ಎರಡನೆಯದು, ಹರವನ್ನು ಹೇಳಿದರೆ ಎಲ್ಲರೂ ತಮಗೆ ಬೇಕಾದ ತುದಿಯನ್ನೇ ಹಿಡಿದು ಜಗ್ಗುತ್ತಾರೆ ಎಂಬುದು. ಜಗ್ಗಲಿ. ಈಗ ಕಣ್ಣು ಕಟ್ಟಿಕೊಂಡು ಜಗ್ಗುವುದಕ್ಕಿಂತ ಅದು ಲೇಸು.

ನಮ್ಮ ಕಡೆಯ ತಪ್ಪನ್ನೂ ಹೇಳದಿದ್ದರೆ ನ್ಯಾಯವಾಗದು. ಅಳೆಯಲು ಬಂದವರನ್ನು ಕಾಫಿ ಕೊಟ್ಟು ಕೂರಿಸಿ, ಆನೆ ತುಳಿದ ಮೂಲೆಗೇ ಕರೆದೊಯ್ಯುವ ಚಾಳಿ ನಮ್ಮಲ್ಲಿ ಇಲ್ಲವೆ? ಜಾಗವನ್ನು ಆರಿಸುವುದರಲ್ಲೇ ಕೈವಾಡವಾದರೆ ಗಡಿಗೆ ಏನೂ ಮಾಡಲಾರದು. ದಾರಿಯಂಚಿನ ನನ್ನ ಆ ಮೂರು ತೂಕಗಳನ್ನು ಹತ್ತು ಸಾವಿರ ಸಲ ಎತ್ತಿದ್ದರೂ ಎಂಟು ಕ್ವಿಂಟಾಲಿನ ಸುತ್ತಲೇ ಸುತ್ತುತ್ತಿತ್ತು. ಇನ್ನೊಂದು ಎಚ್ಚರಿಕೆ: ಒಂದೇ ಹೊಲದ ನಾಲ್ಕು ಚೌಕ ನಾಲ್ಕು ಹೊಲಕ್ಕೆ ಸಮನಲ್ಲ. ಒಂದೇ ಬೀಜ, ಒಂದೇ ಗೊಬ್ಬರ, ಒಂದೇ ಕೈ. ಅವು ಅಣ್ಣತಮ್ಮಂದಿರಂತೆ ಹೋಲುತ್ತವೆ. ಊರಿನ ಲೆಕ್ಕಕ್ಕೆ ಚೀಟಿ ಹೊಲಕ್ಕೊಂದು ಇರಬೇಕು. ಚೀಟಿ ತೀರ ಕಡಮೆಯಾದರೂ ಕಷ್ಟ. ಮೂರು ನಾಲ್ಕು ಚೀಟಿಯ ಗಡಿಗೆಯು ಹರವನ್ನು ಇರುವುದಕ್ಕಿಂತ ಕಿರಿದಾಗಿ ತೋರಿಸುತ್ತದೆ. ಎಂಟರಲ್ಲಿಯೂ ಆ ದೋಷ ಸ್ವಲ್ಪ ಉಂಟು.

ಉದಕಮಂಡಲದ ಕಡೆಯ ಆಲೂಗಡ್ಡೆ ಬೆಳೆಗಾರರಿಗೂ ಒಂದು ಮಾತು. ಆಲೂಗಡ್ಡೆಯ ಬೇರಿಗೆ ಹತ್ತುವ ಕೋಶಹುಳು ನಮ್ಮ ದೇಶದಲ್ಲಿ ಮೊದಲು ಕಂಡದ್ದು 1961ರಲ್ಲಿ, ಈ ನೀಲಗಿರಿಯಲ್ಲೇ. ಆ ಹುಳುವಿನ ಕೋಶಗಳು ಹೊಲದಲ್ಲಿ ಸಮನಾಗಿ ಹರಡಿರುವುದಿಲ್ಲ. ಒಂದು ಕಡೆ ಗುಂಪು, ಹತ್ತು ಹೆಜ್ಜೆಗೆ ಏನೂ ಇಲ್ಲ. ಒಂದು ಹಿಡಿ ಮಣ್ಣು ಪರೀಕ್ಷೆಗೆ ಕೊಟ್ಟು 'ನಮ್ಮಲ್ಲಿ ಇಲ್ಲ' ಎಂದು ಸಮಾಧಾನಪಡುವುದಕ್ಕೆ ಬೆಲೆಯಿಲ್ಲ. ಹಲವು ಕಡೆಯ ಮಣ್ಣನ್ನು ಬೇರೆ ಬೇರೆಯಾಗಿ ಎಣಿಸಿ ಗಡಿಗೆಗೆ ಹಾಕಿ ನೋಡಿದರೆ ಅಂಥ ಬೆಳೆಯಲ್ಲಿ ಹರವು ಎಷ್ಟು ಅಗಲವೆಂದು ತಿಳಿಯುತ್ತದೆ. ಗೂಡಲೂರಿನ ಟೀ ತೋಟದವರಿಗೆ ನಾನು ಬಿಡಿಸಿ ಹೇಳಬೇಕಾದ್ದಿಲ್ಲ. ಒಂದು ಹಿಡಿ ಎಲೆ ನೋಡಿ ಮೂಟೆಯ ಗುಣ ಹೇಳಿಸಿಕೊಳ್ಳುವ ಸಂಕಟ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು.

ಆನೆಯ ಮಾತು ಬಿಟ್ಟು ನಮ್ಮ ಸೀಮೆಯ ಲೇಖನ ಮುಗಿಯುವುದುಂಟೆ? ಕಾಡಿನಲ್ಲಿ ಆನೆಯನ್ನು ನೇರವಾಗಿ ಎಣಿಸುವುದು ಕಷ್ಟವಾದುದರಿಂದ ಲದ್ದಿಯನ್ನು ಎಣಿಸುವ ಕ್ರಮವಿದೆ. ಒಂದು ಚದರ ಕಿಲೋಮೀಟರಿನಲ್ಲಿ ಲದ್ದಿ ಎಷ್ಟು, ಅದು ಎಷ್ಟು ದಿನಕ್ಕೆ ಕರಗುತ್ತದೆ, ಒಂದು ಆನೆ ದಿನಕ್ಕೆ ಎಷ್ಟು ಸಲ ಹಾಕುತ್ತದೆ (ಸುಮಾರು 16 ಸಲ ಎಂಬುದು ಲೆಕ್ಕ), ಈ ಮೂರನ್ನು ಸೇರಿಸಿದರೆ ಆನೆಯ ಸಂಖ್ಯೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು ನಮ್ಮ ಮುದುಮಲೈಯಲ್ಲೇ ಕಂಡು ಎಣಿಸುವುದನ್ನೂ ಲದ್ದಿ ಎಣಿಸುವುದನ್ನೂ ಹೋಲಿಸಿ 1995ರಲ್ಲಿ ಪ್ರಕಟಿಸಿದರು. ಮೂರು ಅಂಕಿಗಳಲ್ಲಿ ಒಂದೊಂದೂ ಅಲುಗಾಡುತ್ತದೆ; ಆದುದರಿಂದ ಕೊನೆಯ ಅಂಕಿ ಇನ್ನೂ ಹೆಚ್ಚು. ಬಳಿಕ ಲದ್ದಿಯ ವಂಶವಾಹಿಯನ್ನು ಪರೀಕ್ಷಿಸುವ ಹೊಸ ಕ್ರಮ ಬಂದಿತು. 2025ರ ಅಕ್ಟೋಬರಿನಲ್ಲಿ ಹೊರಬಿದ್ದ ಆ ವರದಿಯ ಪ್ರಕಾರ ದೇಶದಲ್ಲಿ 22,446 ಕಾಡಾನೆಗಳು; ಹರವು 18,255ರಿಂದ 26,645. 2017ರ ಎಣಿಕೆ 29,964 ಆಗಿತ್ತು. ಕೂಡಲೇ ಆನೆ ಏಳು ಸಾವಿರ ಕಡಮೆಯಾಯಿತೆಂದು ಚಹದಂಗಡಿಯಲ್ಲಿ ಮಾತಾಯಿತು. ವರದಿಯವರೇ ಎರಡೂ ಬೇರೆ ಕ್ರಮ, ಹೋಲಿಸಬೇಡಿರಿ ಎಂದಿದ್ದಾರೆ. ಹರವಿನ ಅಗಲವೇ ಎಂಟು ಸಾವಿರಕ್ಕೂ ಮೇಲೆ! ರಾತ್ರಿ ಅಟ್ಟಣೆಯ ಮೇಲೆ ಕೂತು ತಗಡು ಬಡಿಯುವವನಿಗೆ ಆನೆ ಹೆಚ್ಚಿತೋ ತಗ್ಗಿತೋ ಎಂಬುದು ಬರಿಯ ಹರಟೆಯಲ್ಲ. ಕಂದಕ, ಬೇಲಿ, ಪರಿಹಾರ, ಓಡಾಟದ ದಾರಿ ಎಲ್ಲಕ್ಕೂ ಆ ಅಂಕಿಯನ್ನೇ ಮುಂದಿಡುತ್ತಾರೆ. ಹರವನ್ನು ಬಿಟ್ಟು ಅಂಕಿ ಹೇಳಿದವರನ್ನು, ಅವರು ಕಾಡಿನ ಪರವಾಗಿರಲಿ ನಾಡಿನ ಪರವಾಗಿರಲಿ, ನಾನು ಒಂದೇ ಪ್ರಶ್ನೆ ಕೇಳುತ್ತೇನೆ: ಎಷ್ಟು ಅಲುಗಾಡೀತು?

ಮತ್ತೆ ತರಗತಿಗೆ ಬರುತ್ತೇನೆ. ಆ ದಿನ ಒಬ್ಬ ಹುಡುಗಿ 40ರ ಚೀಟಿಯನ್ನು ಗಡಿಗೆಯಿಂದ ತೆಗೆದುಬಿಡೋಣ ಎಂದಳು. "ಅದು ಹಂದಿ ತಿಂದದ್ದು ಮೇಷ್ಟ್ರೇ, ರಾಗಿಯ ತಪ್ಪಲ್ಲ." ಹಿಂದಿನ ಬೆಂಚಿನ ಹುಡುಗನೊಬ್ಬ, ಅವರ ಹೊಲವೂ ಕಾಡಂಚಿನದೇ, "ಹಂದಿ ನಮ್ಮ ಹೊಲಕ್ಕೆ ಪ್ರತಿ ವರ್ಷ ಬರುತ್ತೆ, ಇಟ್ಟಿರಿ" ಎಂದನು. ಇಡೀ ತರಗತಿ ಕಾಲು ಗಂಟೆ ಜಗಳವಾಡಿತು. ಚೀಟಿ ಗಡಿಗೆಯಲ್ಲೇ ಉಳಿಯಿತು. ಅದಿಲ್ಲದೆ ಲೆಕ್ಕ ಹಾಕಿದ್ದರೆ ಸರಾಸರಿ 160 ಆಗುತ್ತಿತ್ತು. ಎಕರೆಗೆ 648 ಕಿಲೋ ಎಂದು ಬರೆದು, ಕಣದಲ್ಲಿ 510 ಕಂಡು ಮತ್ತೆ ಪೆಚ್ಚಾಗುತ್ತಿದ್ದೆನು.

ಈ ವರ್ಷ ಹದಿನಾರು ಚೌಕ ಹಾಕುವ ಯೋಚನೆಯುಂಟು. ಹಗ್ಗ, ಗೂಟ, ಹೊಸ ಗಡಿಗೆ ಶಾಲೆಯ ಬೀರುವಿನಲ್ಲಿವೆ. ತಾಳವಾಡಿಯವರಾಗಲಿ ಕಾಸರಗೋಡಿನವರಾಗಲಿ ಅಕ್ಕಲಕೋಟೆಯವರಾಗಲಿ, ತಮ್ಮ ರಾಗಿ, ಜೋಳ, ಭತ್ತದ ತೂಕಗಳನ್ನು ಈ ಪುಟದ ವಿಳಾಸಕ್ಕೆ ಬರೆದು ಕಳುಹಿಸಿದರೆ ನಮ್ಮ ಮಕ್ಕಳು ಚೀಟಿ ಎತ್ತಿ ಹರವನ್ನು ತಿಳಿಸುತ್ತಾರೆ. ಜಾಗವನ್ನು ಹೇಗೆ ಆರಿಸಿದಿರಿ ಎಂಬುದನ್ನೂ ಬರೆಯಿರಿ. ಸರಾಸರಿಯನ್ನು ಮಾತ್ರ ಕಳುಹಿಸಬೇಡಿರಿ. ಒಂದೊಂದು ಚೌಕದ ತೂಕವೂ ಬೇಕು, ಹಂದಿ ತಿಂದದ್ದೂ ಸೇರಿದಂತೆ.